ಮೊದಲ ರೊಟ್ಟಿಯ ಅರ್ಧ

ನೀಲಪ್ಪನಿಗೆ ಒಂದು ಸೊಕ್ಕಿತ್ತು. ತನ್ನ ಕೈಗೆ ಬಂದದ್ದು ಯಾವುದೂ ಹೊಂದದೆ ಹೋಗುವುದಿಲ್ಲ ಎನ್ನುವ ಸೊಕ್ಕು. ಗೋಕುಲ ರಸ್ತೆಯ ವರ್ಕ್‌ಶಾಪೊಂದರಲ್ಲಿ ಮೀಸೆ ಮೂಡುವ ವಯಸ್ಸಿನಿಂದ ಅದೇ ಮೀಸೆ ಬೆಳ್ಳಗಾಗುವವರೆಗೆ ಲೇಥ್ ನಡೆಸಿದವನು ಅವನು. ಕಬ್ಬಿಣದ ತುಂಡು ದಪ್ಪವಾಯಿತೇ? ತುಸು ಕೆರೆ, ಕೂಡಿಸಿ ನೋಡು. ಕೂಡಲಿಲ್ಲವೇ? ಇನ್ನೂ ತುಸು ಕೆರೆ. ಕಡೆಗೆ ಅದು ತನ್ನ ಜಾಗದಲ್ಲಿ ಟಕ್ಕನೆ ಕೂತಾಗ ಆಗುವ ಸುಖ ಅವನಿಗೆ ಬೇರೆ ಯಾವುದರಲ್ಲೂ ಸಿಗುತ್ತಿರಲಿಲ್ಲ.

ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಒಂದು ಹೊಸ ಸುಖ ಸಿಕ್ಕಿತು. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ತಾನೇ ಕಟ್ಟಿಸಿದ ಎರಡು ಕೋಣೆಯ ಮನೆ. ಮಧ್ಯಾಹ್ನ ಮಗ ಅಂಗಡಿಗೆ, ಸೊಸೆ ಆಸ್ಪತ್ರೆಗೆ, ಮೊಮ್ಮಗಳು ಅಂಗನವಾಡಿಗೆ ಹೋಗಿರುತ್ತಿದ್ದರು. ಅಡುಗೆಮನೆಯಲ್ಲಿ ಅವನು ಮತ್ತು ಗುಡ್ಡವ್ವ ಇಬ್ಬರೇ. ಮದುವೆಯಾದ ದಿನದಿಂದ ಅವನ ಮಧ್ಯಾಹ್ನದ ಊಟವೆಲ್ಲ ಡಬ್ಬಿಯಲ್ಲೇ ಆಗಿತ್ತು. ಹಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನು ಹೆಂಡತಿಯ ಎದುರು ಕೂತು ತಿನ್ನುವುದು ಮುಪ್ಪಿನಲ್ಲಿ ಸಿಕ್ಕ ಭಾಗ್ಯ.

ಹಾಗೆ ಕೂತ ಮೊದಲ ದಿನವೇ ಅವನಿಗೊಂದು ಸಂಗತಿ ಗೊತ್ತಾಯಿತು. ಹಂಚು ಸರಿಯಾಗಿ ಕಾದಿರದ ಕಾರಣ ಮೊದಲ ರೊಟ್ಟಿ ಯಾವಾಗಲೂ ಕೆಡುತ್ತದೆ. ಒಂದು ಕಡೆ ಹಸಿ, ಒಂದು ಕಡೆ ಕರಕಲು. ಗುಡ್ಡವ್ವ ಅದನ್ನು ಪಕ್ಕಕ್ಕಿಟ್ಟಳು.

"ಅದನ್ನ ಯಾಕ ಇಟ್ಟಿ? ಹಾಕು ಇಲ್ಲೆ," ಎಂದ ನೀಲಪ್ಪ.

"ಅದು ನಂದ್ರಿ. ಮೊದಲನೇದು ಯಾವಾಗ್ಲೂ ನನಗ."

"ಇಷ್ಟ ವರ್ಷ ನೀ ಅದನ್ನೇ ತಿಂದಿಯೇನು?"

"ಮತ್ತ? ನಿಮ್ಮ ಡಬ್ಬಿಗೆ ಅದನ್ನ ಹಾಕಿ ಕಳಸಲಿಕ್ಕೆ ಆಗ್ತಿತ್ತೇನು? ನಾಕು ಮಂದಿ ಮುಂದ ತೆಗಿಯೂ ಡಬ್ಬಿ."

ನೀಲಪ್ಪ ಆ ರೊಟ್ಟಿಯನ್ನು ಎತ್ತಿ ಎರಡು ಭಾಗ ಮಾಡಿದ. ಅರ್ಧ ಅವಳ ತಾಟಿಗೆ, ಅರ್ಧ ತನ್ನ ತಾಟಿಗೆ. "ಇನ್ನ ಮ್ಯಾಲೆ ಹಿಂಗ," ಎಂದ. ಅಂದಿನಿಂದ ಅದೇ ಪದ್ಧತಿಯಾಯಿತು. ಗುಡ್ಡವ್ವ ನಗುತ್ತಿದ್ದಳು. ಆದರೆ ಆ ಅರ್ಧವನ್ನು ಅವಳು ತುಸು ನಿಧಾನವಾಗಿಯೇ ತಿನ್ನುತ್ತಿದ್ದಳು.

ಅಂಥ ಮನೆಗೆ ಪುಣೆಯ ಸುದ್ದಿ ಬಂದದ್ದು ಸೊಸೆ ಮಾಯಾಳಿಂದ. ಅವಳು ಊರಿನ ಒಂದು ಖಾಸಗಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸು. ತಾನೇ ಕೆಲಸ ಕಲಿಸಿದ ಹುಡುಗಿಯರು ತನಗಿಂತ ಮುಂದೆ ಹೋದರೂ ತಾನು ಇದ್ದಲ್ಲೇ ಇದ್ದೇನೆ ಎಂಬ ಸಂಕಟ ಅವಳಿಗೆ ಬಹಳ ದಿನದ್ದು. ಪುಣೆಯ ದೊಡ್ಡ ಆಸ್ಪತ್ರೆಯೊಂದು ಅವಳನ್ನು ಕರೆದಿತ್ತು. ಪಗಾರ ಇಲ್ಲಿಯದರ ಹತ್ತಿರ ಹತ್ತಿರ ಎರಡು ಪಟ್ಟು. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೌಂಟರ್ ನೋಡುವ ಗಂಡ ಶಶಿಕುಮಾರನಿಗೂ ಅಲ್ಲಿ ಒಂದು ಗೋದಾಮಿನಲ್ಲಿ ಕೆಲಸ ಗಟ್ಟಿಯಾಗಿತ್ತು.

"ಇಬ್ಬರದೂ ಕೂಡಿ ತಿಂಗಳಾ ಮೂವತ್ತು ಸಾವಿರ ಜಾಸ್ತಿ ಆಗ್ತೈತಪಾ," ಎಂದ ಶಶಿಕುಮಾರ, ಊಟಕ್ಕೆ ಕೂತಲ್ಲೇ. ಅವನ ಮುಖ ಬೆಳಗುತ್ತಿತ್ತು.

"ಜಾಸ್ತಿ ಆಗ್ತೈತಿ ಸರಿ, ಉಳಿತೈತಿ ಎಷ್ಟು?" ಎಂದ ನೀಲಪ್ಪ. ಲೆಕ್ಕ ಎಂದರೆ ಅವನ ಕಿವಿ ನೆಟ್ಟಗಾಗುತ್ತಿದ್ದವು. ಓಣಿಯಲ್ಲಿ ಯಾರ ಮನೆಯ ಮದುವೆಯಿರಲಿ, ಗೋಡೆ ಕಟ್ಟುವುದಿರಲಿ, ಖರ್ಚಿನ ಅಂದಾಜು ಕೇಳಲು ಜನ ಅವನಲ್ಲಿಗೇ ಬರುತ್ತಿದ್ದರು.

"ನೀನ ಕೂಡಸಿ ಹೇಳಪಾ."

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಲೆಕ್ಕ ಶುರುವಾಯಿತು. ನೀಲಪ್ಪ ಗೋಡೆಗೆ ಒರಗಿ ಕೂತು ಬಾಯಲ್ಲೇ ಕೂಡಿಸುತ್ತಿದ್ದ. ಮಾಯಾ ಫೋನಿನಲ್ಲಿ ನೋಡಿ ಬೆಲೆ ಹೇಳುತ್ತಿದ್ದಳು. ಗುಡ್ಡವ್ವ ಬಾಗಿಲ ಹತ್ತಿರ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಮೊಮ್ಮಗಳು ಪೂನಮ್ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು.

"ಒಂದ ಬೆಡ್‌ರೂಮಿನ ಮನಿ ಹದಿನೇಳು ಸಾವಿರ, ಮಾವಾರ," ಎಂದಳು ಮಾಯಾ.

"ಹದಿನೇಳು! ಇಲ್ಲೆ ಹದಿನೇಳು ಸಾವಿರಕ್ಕ ಬಂಗ್ಲೆ ಕೊಡ್ತಾರ. ಹೂಂ, ಮುಂದ?"

"ಹೋಗಿ ಬರೂದು ಇಬ್ಬರದೂ ಆರು. ಕೂಸಿನ ಸಾಲಿ ಮೂರು. ಹಾಲು, ತರಕಾರಿ ಅಲ್ಲೆ ತುಟ್ಟಿ, ನಾಕು ಜಾಸ್ತಿ ಹಿಡೀರಿ. ಮತ್ತ ಇಕಿನ್ನ ನೋಡ್ಕೊಳ್ಳಾಕ…" ಮಾಯಾ ಮಗಳನ್ನು ನೋಡಿದಳು. "ಕೂಸು ನೋಡೂ ಮನಿಯವರು ಸಂಜಿ ಬಾಗಲಾ ಹಾಕ್ತಾರ. ನಂದು ಪಾಳಿ ಕೆಲಸ. ಆಮ್ಯಾಲೆ ಒಬ್ಬಾಕಿನ್ನ ಬ್ಯಾರೆ ಇಡಬೇಕು. ಎರಡೂ ಕೂಡಿ ಹನ್ನೆರಡು."

ನೀಲಪ್ಪ ಕಣ್ಣು ಮುಚ್ಚಿದ. ಇಲ್ಲಿ ಸ್ವಂತ ಮನೆಯಲ್ಲಿದ್ದು ತಿಂಗಳಿಗೆ ಹದಿನೈದು ಸಾವಿರ ಉಳಿಯುತ್ತಿತ್ತು. ಅಲ್ಲಿ ಮೂವತ್ತು ಹೆಚ್ಚು ಬಂದು ನಲವತ್ತೆರಡು ಹೆಚ್ಚು ಖರ್ಚಾಗುತ್ತದೆ.

"ಉಳಿಯೂದು ಮೂರು ಸಾವಿರ," ಎಂದ. "ಕೂಸಿಗೆ ಒಮ್ಮೆ ಜ್ವರಾ ಬಂತಂದ್ರ ಅದೂ ಇಲ್ಲ."

ಶಶಿಕುಮಾರನ ಮುಖ ಬಾಡಿತು. ಮಾಯಾ ಫೋನು ಕೆಳಗಿಟ್ಟಳು. "ನನಗ ಗೊತ್ತಿತ್ತು," ಎಂದು ಸಣ್ಣ ದನಿಯಲ್ಲಿ ಅಂದಳು. "ಹೋಗ್ಲಿ ಬಿಡ್ರಿ. ಇಲ್ಲೇ ಇರ್ತೇನಿ. ಇನ್ನೊಂದಿಷ್ಟ ಹುಡುಗ್ಯಾರಿಗೆ ಕಲಿಸಿ ಕಳಸ್ತೇನಿ." ಕಣ್ಣಲ್ಲಿ ನೀರು ಬಂದು ನಿಂತಿತ್ತು.

ಸೊಸೆಯ ಕಣ್ಣೀರು ನೋಡಲಾಗದೆಯೋ, ಲೆಕ್ಕ ಹೊಂದಲಿಲ್ಲವೆಂಬ ಹಟಕ್ಕೋ, ಎರಡಕ್ಕೂ ಇರಬೇಕು, ನೀಲಪ್ಪ ತನ್ನ ಹಳೇ ಚಾಳಿಗೆ ಬಿದ್ದ. ಎಲ್ಲಿ ಕೆರೆದರೆ ಕೂಡುತ್ತದೆ ಎಂದು ನೋಡತೊಡಗಿದ. ಬಾಡಿಗೆ ಕೆರೆಯಲು ಬರುವುದಿಲ್ಲ. ಹಾಲು ಕೆರೆಯಲು ಬರುವುದಿಲ್ಲ.

"ಆ ಹನ್ನೆರಡು ತಗೀರಿ," ಎಂದ. "ಗುಡ್ಡವ್ವ ಹೋಗ್ತಾಳ ನಿಮ್ಮ ಜೋಡಿ. ಕೂಸು ನೋಡ್ತಾಳ, ಅಡಿಗಿ ಮಾಡ್ತಾಳ. ಹದಿನೈದಕ್ಕ ಹದಿನೈದು. ಹೊಂದ್ತಿಲ್ಲೋ?"

ಟಕ್ಕನೆ ಕೂತಿತು. ಒಂದು ಕ್ಷಣ ಅವನಿಗೆ ಆ ಹಳೇ ಸುಖವೇ ಆಯಿತು.

"ಮತ್ತ ನೀನು?" ಎಂದ ಮಗ.

"ನಾ ಬಂದ್ರ ಒಂದ ರೂಮಿನ ಮನಿ ಸಾಲೂದಿಲ್ಲ. ಎರಡರದು ಎಷ್ಟು?"

"ಇಪ್ಪತ್ತಾರು," ಎಂದಳು ಮಾಯಾ.

"ನೋಡು, ಒಂಬತ್ತು ಮತ್ತ ಜಾಸ್ತಿ ಆತು. ನಾ ಇಲ್ಲೇ ಇರ್ತೇನಿ. ನನಗೇನ ಆಗೇತಿ? ಮನಿ ನೋಡ್ಕೊಂಡ ಇರ್ತೇನಿ."

ಮಾಯಾ ತಿರುಗಿ ಬಾಗಿಲ ಕಡೆ ನೋಡಿದಳು. "ಮಾವಾರ, ಅತ್ತಿನ್ನ ಕೇಳ್ರಿ ಒಮ್ಮೆ."

ಕೇಳುವುದು! ಗುಡ್ಡವ್ವನನ್ನು ಏನಾದರೂ ಕೇಳಿದ ನೆನಪು ನೀಲಪ್ಪನಿಗೆ ಇರಲಿಲ್ಲ. ಅವಳನ್ನು ಹೊಡೆದವನಲ್ಲ, ಬೈದದ್ದೂ ಅಪರೂಪ, ಗಳಿಸಿದ್ದನ್ನೆಲ್ಲ ಅವಳ ಕೈಗೇ ಹಾಕಿದವನು. ಕೇಳುವುದೊಂದು ಮಾತ್ರ ರೂಢಿಯಲ್ಲಿರಲಿಲ್ಲ. ಅವನು ಹೆಂಡತಿಯ ಕಡೆ ನೋಡಿದ. ಆಕೆ ಬೇಡ ಎನ್ನಲಿ ಎಂದು ಒಳಗೊಳಗೇ ಬಯಸಿದ. ಬೇಡ ಎಂದರೆ ಅವನು ಸಿಟ್ಟು ಮಾಡಿದ ಹಾಗೆ ಮಾಡಿ ಒಪ್ಪಿಬಿಡುತ್ತಿದ್ದ.

ಗುಡ್ಡವ್ವ ಒಂದು ಗಳಿಗೆ ಮೆಂತ್ಯೆಯ ದಂಟು ಹಿಡಿದು ಕೂತಿದ್ದಳು. ಗಂಡ ಇನ್ನೂ ಏನಾದರೂ ಹೇಳುತ್ತಾನೋ ಎಂದು ನೋಡಿದಳು. ಅವನು ಹೇಳಲಿಲ್ಲ.

"ನಂದೇನೈತಿ," ಎಂದಳು. "ಅವರು ಹೆಂಗಂತಾರ ಹಂಗ."

ಅಷ್ಟಕ್ಕೇ ಮುಗಿಯಿತು. ಲೇಥಿನ ಮೇಲೆ ಕೆರೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ ಎಂದು ಎಳೆಯ ಹುಡುಗರಿಗೆ ಕಲಿಸುತ್ತಿದ್ದ ನೀಲಪ್ಪನಿಗೆ ಅವತ್ತು ಅದು ನೆನಪಾಗಲಿಲ್ಲ.

ಮುಂದಿನ ವಾರಗಳಲ್ಲಿ ಮನೆ ತುಂಬ ಗಂಟುಮೂಟೆ. ಗುಡ್ಡವ್ವ ಗುರೆಳ್ಳು ಚಟ್ನಿ ಕುಟ್ಟಿದಳು, ಶೇಂಗಾ ಚಟ್ನಿ ಕುಟ್ಟಿದಳು. ರೊಟ್ಟಿ ಮಾಡಿ, ಕೆಡದ ಹಾಗೆ ಒಣಗಿಸಿ ಕಟಿ ಮಾಡಿ, ಗಂಡನಿಗೆಂದು ಬುಟ್ಟಿ ತುಂಬ ಒಟ್ಟಿದಳು. ಪಕ್ಕದ ಮನೆಯ ರಸೂಲಬಿ ಬಂದು ಕೂತು ಕೈಜೋಡಿಸಿದಳು. ಇಬ್ಬರೂ ಒಂದೇ ವರ್ಷ ಆ ಓಣಿಗೆ ಸೊಸೆಯರಾಗಿ ಬಂದವರು.

"ನೀಲಣ್ಣಾ, ನೀ ಒಬ್ಬಾವ ಇರ್ತೀಯೇನು?" ಎಂದಳು ರಸೂಲಬಿ. "ಚಾ ಮಾಡಾಕರ ಬರ್ತೈತಿಲ್ಲೋ?"

"ಕಬ್ಬಿಣಾ ಕೆರದಾವಗ ಚಾ ದೊಡ್ಡದೇನು?"

"ಕಬ್ಬಿಣಕ್ಕ ಉಪ್ಪು ಹಾಕೂದಿರೂದಿಲ್ಲ," ಎಂದಳು ಗುಡ್ಡವ್ವ. ರಸೂಲಬಿ ನಕ್ಕಳು. ಗುಡ್ಡವ್ವ ನಗಲಿಲ್ಲ.

ಅಡುಗೆ ಕಲಿಸುವ ನೆಪದಲ್ಲಿ ದಿನವೂ ಜಗಳವಾಗುತ್ತಿತ್ತು. ಹಿಟ್ಟಿಗೆ ಬಿಸಿನೀರು ಎಷ್ಟು ಎಂದರೆ "ಕೈಗೆ ಗೊತ್ತಾಗ್ತೈತಿ" ಎನ್ನುತ್ತಿದ್ದಳು. ಕೈಗೆ ಹೇಗೆ ಗೊತ್ತಾಗುತ್ತದೆ, ಅಳತೆ ಹೇಳು ಎಂದು ಇವನು ರೇಗುತ್ತಿದ್ದ. "ಎಲ್ಲಾದಕ್ಕೂ ಅಳತಿ ಇರೂದಿಲ್ರಿ!" ಎಂದು ಒಂದು ದಿನ ಅವಳು ಎಷ್ಟು ಜೋರಾಗಿ ಕೂಗಿದಳೆಂದರೆ ಪೂನಮ್ ಅಳತೊಡಗಿತು. ಗುಡ್ಡವ್ವನ ಬಾಯಿಂದ ಅಂಥ ದನಿ ಅವನು ಕೇಳಿರಲಿಲ್ಲ. ಹೋಗುವುದೆಂದರೆ ಇವಳಿಗೆ ಇಷ್ಟು ಅವಸರವೇ, ಮೊಮ್ಮಗಳು ಸಿಕ್ಕರೆ ಗಂಡ ಬೇಡವಾದನೇ ಎಂದು ಮೂರ್ಖ ಮುದುಕ ಮುಖ ಊದಿಸಿಕೊಂಡ. ತನ್ನನ್ನು ಕಳಿಸಲು ಗಂಡನಿಗೆ ಅವಸರ ಎಂದು ಅವಳ ಮನಸ್ಸಿನಲ್ಲೂ ಅಂಥದ್ದೇ ಇತ್ತು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಮೊದಲ ರೊಟ್ಟಿಯನ್ನು ಅವನು ಮುರಿಯುವ ಮುಂಚೆ ಅವಳೇ ಮುರಿದು, ದೊಡ್ಡ ಭಾಗವನ್ನು ಅವನ ತಾಟಿಗೆ ಹಾಕಿದಳು.

ಸ್ಟೇಷನ್ನಿನಲ್ಲಿ ಮಾಯಾ ಅವನ ಕಾಲು ಮುಟ್ಟಿ, "ತಪ್ಪು ತಿಳೀಬ್ಯಾಡ್ರಿ ಮಾವಾರ," ಎಂದಳು. ಪೂನಮ್ ಕಿಟಕಿಯಿಂದ "ಅಜ್ಜಾ, ಹತ್ತು, ಲಗೂ ಹತ್ತು!" ಎಂದು ಚೀರುತ್ತಿತ್ತು. ಗುಡ್ಡವ್ವ ಮಾತ್ರ ಕಿಟಕಿಯ ಸರಳು ಹಿಡಿದು, "ಗುಳಿಗಿ ಊಟಾ ಆದಮ್ಯಾಲೆ ತಗೋರಿ, ಖಾಲಿ ಹೊಟ್ಟಿಲೇ ಬ್ಯಾಡ," ಎಂದಳು. ರೈಲು ಹೊರಡುವ ಮುಂಚೆ ಅದೇ ಅವಳ ಕಡೆಯ ಮಾತು.

ಅಲ್ಲಿಂದ ಮುಂದೆ ಹಳೇ ಹುಬ್ಬಳ್ಳಿಯ ಆ ಮನೆಯಲ್ಲಿ ಮಧ್ಯಾಹ್ನಗಳು ಬಹಳ ಉದ್ದವಾದವು. ಬುಟ್ಟಿಯ ಕಟಿ ರೊಟ್ಟಿಯನ್ನು ನೀಲಪ್ಪ ಮೊದಮೊದಲು ಸಾರಿನಲ್ಲಿ ನೆನೆಸಿ ತಿಂದ. ಬುಟ್ಟಿ ಖಾಲಿಯಾದ ಮೇಲೆ ಖಾನಾವಳಿಗೆ ಹೋದ. ಖಾನಾವಳಿಯ ಊಟವನ್ನು ಬೈದರೆ ಕೇಳಲು ಮನೆಯಲ್ಲಿ ಒಬ್ಬರೂ ಇಲ್ಲವೆಂದು ಅದೂ ಬೇಸರವಾಯಿತು. ಕಡೆಗೆ ತಾನೇ ಹಿಟ್ಟು ನಾದಲು ಕೂತ. ರೊಟ್ಟಿ ಒಮ್ಮೆ ಹರಿಯುತ್ತಿತ್ತು, ಒಮ್ಮೆ ಹಂಚಿಗೆ ಹತ್ತುತ್ತಿತ್ತು. ದಿನ ಕಳೆದಂತೆ ಕೈಗೆ ಗೊತ್ತಾಗತೊಡಗಿತು. ಮೊದಲನೆಯದು ಮಾತ್ರ ಕೆಡುತ್ತಲೇ ಇತ್ತು. ಅದನ್ನು ಅವನು ರೂಢಿಯಂತೆ ಮುರಿಯುತ್ತಿದ್ದ, ಅರ್ಧ ತಿನ್ನುತ್ತಿದ್ದ. ಇನ್ನರ್ಧ ತಾಟಿನ ಅಂಚಿನಲ್ಲಿ ಉಳಿಯುತ್ತಿತ್ತು. ಸಂಜೆ ಅದನ್ನು ಓಣಿಯ ಆಕಳಿಗೆ ಹಾಕುತ್ತಿದ್ದ.

ಪುಣೆಯಿಂದ ಫೋನು ಬರುತ್ತಿತ್ತು. ಹಾಲಿನ ಬೆಲೆ, ಲಿಫ್ಟು ಕೆಟ್ಟದ್ದು, ಪೂನಮ್ ಮರಾಠಿ ಕಲಿತದ್ದು. ಮಾಯಾಳ ದನಿಯಲ್ಲಿ ಹುರುಪಿತ್ತು. ಅಲ್ಲಿಯ ಡಾಕ್ಟರು ಅವಳನ್ನು ಹೆಸರು ಹಿಡಿದು ಹೊಗಳಿದ್ದರಂತೆ. ಅದು ಕೇಳಿ ನೀಲಪ್ಪನಿಗೆ ಖರೇನೇ ಸಂತೋಷವಾಯಿತು. "ಲೆಕ್ಕಾ ಬರೊಬ್ಬರಿ ಹೊಂದೇತಪಾ, ನೀ ಅಂದಂಗ," ಎಂದು ಶಶಿಕುಮಾರ ಅಂದ ದಿನ ಮಾತ್ರ ಅವನಿಗೆ ಊಟ ಸೇರಲಿಲ್ಲ. ಗುಡ್ಡವ್ವ ಫೋನಿಗೆ ಬಂದರೆ "ಗುಳಿಗಿ ತಗೊಂಡ್ರಿ?" ಎನ್ನುತ್ತಿದ್ದಳು. "ಹೂಂ" ಎನ್ನುತ್ತಿದ್ದ. ಅಷ್ಟೇ.

ಒಂದು ಮಧ್ಯಾಹ್ನ ರಸೂಲಬಿ ಬಂದಳು. ಅವಳ ಮಗ ಫಾರೂಕನ ಮದುವೆ ಗೊತ್ತಾಗಿತ್ತು. ಅವರ ಮನೆ ಸಣ್ಣದು.

"ನೀಲಣ್ಣಾ, ಫಾರೂಕ ಹತ್ರದಾಗ ಒಂದು ಮನಿ ನೋಡಾಕತ್ತಾನ. ನೀ ಒಬ್ಬಾವನ ಇದ್ದಿ. ಒಂದ ರೂಮ್ ಕೊಡ್ತೀ ಏನು? ಪೂರಾ ಮನಿ ಕೊಟ್ರೂ ತಗೊಂತಾನ. ಪೂರಾ ಮನಿಗೆ ಒಂಬತ್ತು ಸಾವಿರ ಭಾಡಿಗಿ ಕೊಡ್ತಾನ, ಬೇಕಾರ ಮುಂಗಡಾನೂ ಕೊಡ್ತಾನ. ಶುಕ್ರವಾರದೊಳಗ ಹೇಳು. ಇನ್ನೊಂದ ಮನಿ ನೋಡಿಟ್ಟಾನ."

ಒಂಬತ್ತು ಸಾವಿರ! ಹದಿನೇಳಕ್ಕೂ ಇಪ್ಪತ್ತಾರಕ್ಕೂ ನಡುವೆ ಇದ್ದದ್ದು ಅದೇ ಒಂಬತ್ತು. ಈ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಅಲ್ಲಿ ಎರಡು ರೂಮಿನ ಮನೆ ಹಿಡಿಯಬಹುದಿತ್ತು. ಇಬ್ಬರೂ ಹೋಗಬಹುದಿತ್ತು. ಇಡೀ ಓಣಿಯ ಲೆಕ್ಕ ಮಾಡುವವನು ತಾನು ಕೂತ ನೆಲವನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ತಾನು ಕಟ್ಟಿಸಿದ ಮನೆಯಲ್ಲಿ ಇನ್ನೊಬ್ಬರು ಇರುವುದು ಅವನ ತಲೆಗೆ ಹೊಳೆಯುವ ಮಾತೇ ಆಗಿರಲಿಲ್ಲ.

ರಸೂಲಬಿ ಹೊಸ್ತಿಲು ದಾಟುವ ಮುಂಚೆಯೇ ಅವನು ಫೋನು ಹಚ್ಚಿದ.

"ಗುಡ್ಡವ್ವ, ಕೇಳ ಇಲ್ಲೆ! ಫಾರೂಕ ನಮ್ಮನಿಗೆ ಒಂಬತ್ತು ಸಾವಿರ ಕೊಡ್ತಾನಂತ. ನೀವು ದೊಡ್ಡ ಮನಿ ನೋಡ್ರಿ. ನಾ ಬರ್ತೇನಿ. ಲೆಕ್ಕಾ ಹೊಂದ್ತು!"

ಫೋನು ಕಟ್ಟಾಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದ.

"ಅದು ನನಗ ಆವತ್ತ ಹೊಳದಿತ್ತು," ಎಂದಳು ಗುಡ್ಡವ್ವ. "ಮೆಂತ್ಯೆ ಸೋಸೂವಾಗ."

"ಮತ್ತ ಹೇಳಬೇಕಿಲ್ಲೇನು?"

"ನೀವು ಕೇಳಬೇಕಿಲ್ಲೇನು?"

ಅವಳು ಮೆಲ್ಲಗೆ ಮುಂದುವರಿಸಿದಳು. ಸಿಟ್ಟಿನ ದನಿಯಲ್ಲ ಅದು, ಸಿಟ್ಟಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಆವತ್ತ ಲೆಕ್ಕಾ ಹೊಂದ್ತು ಅಂತ ನನ್ನ ಕಳಿಸಿದ್ರಿ. ಇವತ್ತ ಲೆಕ್ಕಾ ಹೊಂದ್ತು ಅಂತ ಬರ್ತೇನಿ ಅಂತೀರಿ. ಹೊಂದಿದ್ದಿಲ್ಲಂದ್ರ?"

"ಹೊಂದಿದ್ದಿಲ್ಲಂದ್ರ…" ಎಂದ. ಮುಂದೆ ಹೇಳಬೇಕಾದ ಮಾತು ಅವನಿಗೆ ಗೊತ್ತಿತ್ತು. ನೀನಿಲ್ಲದೆ ನನಗೆ ಅನ್ನ ಇಳಿಯುವುದಿಲ್ಲ ಎಂಬ ಸಾದಾ ಮಾತು. ಮನೆ ಬೀಳಲಿ, ದುಡ್ಡು ಹಾಳಾಗಲಿ, ಬರುತ್ತೇನೆ ಎಂಬ ಮಾತು. ಅಂಥದ್ದನ್ನು ಅವನು ಬಾಯಿಬಿಟ್ಟು ಯಾವತ್ತೂ ಆಡಿರಲಿಲ್ಲ. ಆಡುವುದು ಹೇಗೆಂದು ಯಾರೂ ಕಲಿಸಿರಲೂ ಇಲ್ಲ.

"ಊಟಾ ಮಾಡ್ರಿ, ಆರ್ತೈತಿ," ಎಂದು ಗುಡ್ಡವ್ವ ಫೋನು ಇಟ್ಟಳು.

ಅವನು ಮರುದಿನ ಹೇಳಬೇಕೆಂದುಕೊಂಡ. ಅದರ ಮರುದಿನ ಹೇಳಬೇಕೆಂದುಕೊಂಡ. ಫೋನು ಕೈಗೆ ತಗೊಂಡು ಮಗನ ಜೊತೆ ಮಾತಾಡಿದ, ಮೊಮ್ಮಗಳ ಜೊತೆ ಮಾತಾಡಿದ, ಗುಡ್ಡವ್ವ ಬಂದ ಕೂಡಲೇ "ಆರಾಮಿದ್ದೀ?" ಎಂದು ಕೇಳಿ ಫೋನು ಇಟ್ಟುಬಿಟ್ಟ. ಹೊಂದಿರದಿದ್ದರೂ ಬರುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡಾಗ ಹೌದು ಎನ್ನುವ ಧೈರ್ಯ ಅವನಿಗೆ ಬರಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು. ಶುಕ್ರವಾರ ರಸೂಲಬಿ ಬಾಗಿಲಿಗೆ ಬಂದು ನಿಂತಳು.

"ಏನ ಮಾಡಿದಿ, ನೀಲಣ್ಣಾ?"

"ಇನ್ನಾ ಕೇಳಿಲ್ಲವ್ವಾ," ಎಂದ.

"ಯಾರನ್ನ ಕೇಳಬೇಕು? ಮನಿ ನಿಂದು."

"ಅಕಿನ್ನ."

ರಸೂಲಬಿ ಅವನ ಮುಖವನ್ನೇ ನೋಡಿದಳು. "ಈಗ ಕೇಳ್ತೀಯೇನು?" ಎಂದಳು. ಸೆರಗು ಸರಿಮಾಡಿಕೊಂಡು ಹೋದಳು.

ಮುಂದಿನ ವಾರ ಫಾರೂಕ ಎದುರು ಸಾಲಿನ ಮನೆ ಹಿಡಿದ. ಸಾಮಾನು ಸಾಗಿಸುವ, ಗೋಡೆಗೆ ಮೊಳೆ ಹೊಡೆಯುವ ಸದ್ದು ನೀಲಪ್ಪನ ಅಡುಗೆಮನೆಗೆ ಕೇಳಿಸುತ್ತಿತ್ತು. ಅವನು ಒಲೆಯ ಮೇಲೆ ಹಂಚು ಇಟ್ಟು ಮೊದಲ ರೊಟ್ಟಿ ಹಾಕಿದ. ಒಂದು ಕಡೆ ಹಸಿ, ಒಂದು ಕಡೆ ಕರಕಲು. ಮುರಿದು ಅರ್ಧ ತಿಂದ. ಉಳಿದರ್ಧವನ್ನು ನೋಡುತ್ತ ಕೂತವನಿಗೆ ಏನನ್ನಿಸಿತೋ, ಫೋನು ಹಚ್ಚಿದ. ಗುಡ್ಡವ್ವನೇ ಎತ್ತಿದಳು.

"ಯಾಕ್ರಿ, ಈ ಹೊತ್ತಿನ್ಯಾಗ?"

"ಏನಿಲ್ಲ. ಊಟಾ ಆತೇನು?"

"ಮಾಡಾಕತ್ತೇನಿ. ಕೂಸು ಮಲಗೇತಿ."

"ರೊಟ್ಟಿ ಮಾಡಿದ್ದಿ?"

"ಹೂಂ."

"ಅಲ್ಲೆ ಮೊದಲನೇ ರೊಟ್ಟಿ ಯಾರು ತಿಂತಾರ?"

"ನಾನ. ಮತ್ತ್ಯಾರು."

"ಪೂರಾ?"

"ಪೂರಾ." ಅವಳ ದನಿ ಒಡೆದಿತ್ತು. "ನೀವು?"

ತಾಟಿನ ಅಂಚಿನಲ್ಲಿ ಉಳಿದ ತುಂಡು ಆಗಲೇ ಬಿರುಸಾಗತೊಡಗಿತ್ತು.

"ಅರ್ಧಾ," ಎಂದ ನೀಲಪ್ಪ.

ಆಮೇಲೆ ಇಬ್ಬರೂ ಫೋನು ಇಡಲಿಲ್ಲ. ಎದುರು ಮನೆಯಲ್ಲಿ ಮೊಳೆ ಹೊಡೆಯುವ ಸದ್ದು ಮಾತ್ರ ಕೇಳುತ್ತಿತ್ತು. ಅದೇನು ಸದ್ದು ಎಂದು ಗುಡ್ಡವ್ವ ಕೇಳಲಿಲ್ಲ.